ಹಾಲು ಹೆಚ್ಚಿದೆ

ಫೆಬ್ರವರಿ ೧೧

ಮೈದುನನಿಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲದ ಕಾರಣ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನ ಹೆಂಡತಿಯ ತಮ್ಮ ಸೋಮವಾರ ಬೆಳಿಗ್ಗೆ ಒಂದು ಪೆಟ್ಟಿಗೆ, ಒಂದು ಕೊಡೆ, ಒಂದು ಹಿತ್ತಾಳೆಯ ಗಂಟೆ ಹಿಡಿದು ನಮ್ಮ ಕಾಫಿ ಅಂಗಡಿಗೆ ಬಂದಿಳಿದ. ಇನ್ನು ಮುಂದೆ ತಾನೇ ಇಲ್ಲಿಯ ವ್ಯವಸ್ಥಾಪಕನೆಂದ. ಗಂಟೆಯನ್ನು ಗಲ್ಲಾದ ಮೇಲಿಟ್ಟ. ನೀನು ಅಚ್ಚುಮಾಡಿಸಿ ಕೊಟ್ಟ ಪ್ರಕಟಣೆಯನ್ನು ನಡುಗಂಬಕ್ಕೆ ಅಂಟಿಸಿದ. 'ದಿವಂಗತ ಮಾಲೀಕರ ಪತ್ನಿಯವರು ಇಂದಿನಿಂದ ವಿಶ್ರಾಂತಿಯಲ್ಲಿರುತ್ತಾರೆ. ಗಿರಾಕಿಗಳು ಯಾವ ವಿಷಯಕ್ಕೂ ಅವರನ್ನು ಸಂಪರ್ಕಿಸಬಾರದು.' ಅವನು ಅಂಟಿಸುವಾಗ ನಾನು ಅದೇ ಕಂಬದ ಪಕ್ಕದಲ್ಲಿ, ಗಲ್ಲಾದಲ್ಲಿ ಕುಳಿತಿದ್ದೆ. ಕಿಟಕಿಯ ಮೇಜಿನ ದರ್ಜಿ ಅದನ್ನು ಗಟ್ಟಿಯಾಗಿ ಓದಿ, "ಏನಮ್ಮಾ, ಇನ್ಮೇಲೆ ನಿಮ್ಮನ್ನ ಮಾತಾಡಿಸ್ಬೋದೋ, ಇಲ್ಲ ಕಂಬಾನೇ ಕೇಳ್ಬೇಕೋ?" ಎಂದ. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ನಗುವಿಗೆ ನೀನು ಉತ್ತರ ಹೇಳಬೇಕಾಗುತ್ತದೆ.

ಅಂಗಡಿ ನಿಮ್ಮ ತಂದೆ ಕಟ್ಟಿದ್ದು, ಗಂಡುಮಕ್ಕಳಿಬ್ಬರಿಗೆ ಬಂದದ್ದು, ಅವರ ಉಯಿಲಿನಂತೆ ನಿನ್ನ ಅಣ್ಣ ಹೋದ ಮೇಲೆ ನಿನ್ನೊಬ್ಬನ ಕೈಯಲ್ಲಿ ಉಳಿದದ್ದು. ಇವೆಲ್ಲ ನನಗೆ ಗೊತ್ತು. ನೀನು ದೂರದ ಊರಿನ ಮುದ್ರಣಾಲಯದಲ್ಲಿ ಬೇರೆಯವರ ಬರಹದ ಕರಡು ತಿದ್ದುತ್ತಿದ್ದಾಗ ಈ ಗಲ್ಲಾದಲ್ಲಿ ಕುಳಿತು ಈ ಮೂಲೆಯನ್ನು ಬೀದಿಗೆಲ್ಲ ಬೇಕಾದ ಮೂಲೆಯನ್ನಾಗಿ ಮಾಡಿದವಳು ನಾನೆಂಬುದು ನಿನಗೂ ಗೊತ್ತು.

ನೀನು ಕಳುಹಿಸಿದವನ ಜಾಣತನವನ್ನೂ ಕೇಳು. ಮೊದಲ ದಿನವೇ ಕಾಫಿ ಅಕ್ಕ ಒಲೆಯ ಮುಂದಿನಿಂದ, "ಹಾಲು ಹೆಚ್ಚಿದೆ" ಎಂದು ಕೂಗಿದಳು. ನನ್ನ ತವರಿನ ಅಡುಗೆಮನೆಯಲ್ಲಿ ಯಾವುದನ್ನೂ 'ಮುಗಿಯಿತು' ಎನ್ನುವಂತಿಲ್ಲ, 'ಇಲ್ಲ' ಎನ್ನುವಂತಿಲ್ಲ. ತೀರಿಹೋದದ್ದನ್ನು 'ಹೆಚ್ಚಿದೆ' ಎನ್ನಬೇಕು. ಬಳೆ ಒಡೆದರೂ 'ಬಳೆ ಹೆಚ್ಚಿತು' ಎನ್ನುವವರು ನಾವು. ಆ ಮಾತನ್ನು ನಾನು ಈ ಮನೆಗೆ ತಂದೆ, ನನ್ನಿಂದ ಅಂಗಡಿಯವರೆಲ್ಲ ಕಲಿತರು. ನಿನ್ನ ಭಾಮೈದ, ಹಾಲು ಹೆಚ್ಚಾಗಿದ್ದರೆ ಮತ್ತೇಕೆ ಕೊಳ್ಳಬೇಕೆಂದು ಬಾಗಿಲಿಗೆ ಬಂದ ಹಾಲಿನವನನ್ನು ಬೈದು ಹಿಂದಕ್ಕೆ ಕಳುಹಿಸಿದ. ಬೆಳಗಿನ ಗಿರಾಕಿಗಳೆಲ್ಲ ಕರಿಕಾಫಿ ಕುಡಿದರು. ಮಧ್ಯಾಹ್ನ ಅಡುಗೆಯಾತ "ಈರುಳ್ಳಿ ಹೆಚ್ಚಿದೆ" ಎಂದಾಗ ಇವನು ಗಂಟೆ ಬಾರಿಸಿ, "ಕೊಯ್ದಿದ್ದೋ, ಮಿಕ್ಕಿದ್ದೋ, ಮುಗಿದಿದ್ದೋ, ಒಂದು ಸಲ ಸರಿಯಾಗಿ ಹೇಳ್ರಯ್ಯಾ" ಎಂದು ಕಿರುಚಿದ. ಅವನಿಗೆ ಗಂಟೆರಾಯನೆಂದು ಹೆಸರು ಬಿದ್ದಿದೆ.

ನನ್ನ ಗಲ್ಲಾ ನನಗೆ ಬೇಕು. ಪ್ರಕಟಣೆ ಅಂಟಿಸಿದವನೇ ಅದನ್ನು ಕೀಳಬೇಕು, ದರ್ಜಿಯ ಎದುರಿಗೇ ಕೀಳಬೇಕು. ಇಲ್ಲವಾದರೆ ನಾನು ಅಳುತ್ತ ಕೂರುವವಳಲ್ಲ ಎಂಬುದನ್ನು ನೀನು ಬಲ್ಲೆ.

ನಿನ್ನ ಅತ್ತಿಗೆ

---

ಫೆಬ್ರವರಿ ೨೦

ಅತ್ತಿಗೆಯವರಿಗೆ ವಂದನೆಗಳು.

ತಮ್ಮ ಪತ್ರ ತಲಪಿತು. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರೊಡನೆ ಹಿಂತಿರುಗಿಸಿದ್ದೇನೆ. ಅನ್ಯಥಾ ಭಾವಿಸಬೇಡಿ, ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ, ವೃತ್ತಿ ಹಾಗೆ ಮಾಡಿಬಿಟ್ಟಿದೆ. ಮುಖ್ಯವಾಗಿ ಗಮನಿಸಬೇಕಾದದ್ದು: 'ಬೆಳಿಗ್ಗೆ' ಎಂಬುದು ಅಸಾಧು, 'ಬೆಳಗ್ಗೆ' ಎಂದಿರಬೇಕು. ವ್ಯವಹಾರದ ಪತ್ರದಲ್ಲಿ ಏಕವಚನವೂ ಸಲ್ಲದು. ನಾನು ನಿಮ್ಮ ಕೈಯಲ್ಲಿ ಊಟ ಮಾಡಿದವನೇ ಹೌದು. ಆದರೆ ಈ ಪತ್ರ ಬಂದಿರುವುದು ಅಂಗಡಿಯ ಮಾಲೀಕನಿಗೆ.

ಹಾಲಿನ ಪ್ರಸಂಗದಲ್ಲಿ ದೋಷ ನನ್ನ ಭಾಮೈದನದಲ್ಲ. ಒಂದು ಪದಕ್ಕೆ ನಿಘಂಟಿನಲ್ಲಿ ಇರುವ ಅರ್ಥವೇ ಅಡುಗೆಮನೆಯಲ್ಲೂ ಇರಬೇಕು. 'ಹೆಚ್ಚು' ಎಂದರೆ ಅಧಿಕವಾಗು, ಅಥವಾ ತರಕಾರಿ ಕೊಯ್ಯು. ನನ್ನ ಮೇಜಿನ ಮೇಲಿರುವ ನಿಘಂಟಿನಲ್ಲಿ ಮೂರನೆಯ ಅರ್ಥವಿಲ್ಲ. ಮುಗಿದದ್ದನ್ನು ಹೆಚ್ಚಿದೆ ಎನ್ನುವುದು ಕೇವಲ ಮೂಢನಂಬಿಕೆಯಾಗಿದ್ದರೆ ಕ್ಷಮಿಸಬಹುದಿತ್ತು. ಅದು ಭಾಷೆಗೆ ಬಗೆದ ದ್ರೋಹವೂ ಆಗಿದೆ. ಆದ್ದರಿಂದ ಇಂದಿನಿಂದ ಅಡುಗೆಮನೆಯಲ್ಲಿ ಆ ಪದವನ್ನು ಆ ಅರ್ಥದಲ್ಲಿ ಯಾರೂ ಬಳಸಕೂಡದೆಂದು ಲಿಖಿತ ಆಜ್ಞೆ ಕಳುಹಿಸಿದ್ದೇನೆ. ಮುಗಿದರೆ ಮುಗಿಯಿತೆನ್ನಿ.

ಪ್ರಕಟಣೆ ಅಲ್ಲೇ ಇರುತ್ತದೆ. ಮೇಲಿನ ಕೋಣೆ ನಿಮ್ಮದು. ಊಟ, ಔಷಧ ಯಾವುದಕ್ಕೂ ಕೊರತೆಯಾಗದು. ಇಷ್ಟು ವರ್ಷ ದುಡಿದಿದ್ದೀರಿ. ಸಾಕು, ವಿಶ್ರಮಿಸಿ.

ಇತಿ,
ನಿಮ್ಮ ಮೈದುನ

---

ಮಾರ್ಚಿ ೫

ಮಾನ್ಯ ಮೈದುನನವರಿಗೆ,

ತಾವು ತಿದ್ದಿ ಕಳುಹಿಸಿದ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕೆಂಪು ಅಕ್ಷರಗಳನ್ನು ಮಾತ್ರ ಓದಿದೆ, ಎರಡನೆಯ ಸಲ ಕಪ್ಪು ಅಕ್ಷರಗಳನ್ನು. ತಮ್ಮ ತಿದ್ದುಪಡಿಗಳೆಲ್ಲವೂ ನನಗೆ ಒಪ್ಪಿಗೆ. ಇನ್ನು ಮುಂದೆ ಬೆಳಗ್ಗೆ ಎಂದೇ ಬರೆಯುತ್ತೇನೆ. ತಮ್ಮನ್ನು ತಾವು ಎಂದೇ ಕರೆಯುತ್ತೇನೆ.

ತಮ್ಮ ಆಜ್ಞೆಯನ್ನು ಭಾಮೈದನವರು ಗಂಟೆ ಬಾರಿಸಿ ಅಡುಗೆಮನೆಯಲ್ಲಿ ಓದಿ ಹೇಳಿದರು. ಅಡುಗೆಮನೆಗೆ ಕೊಟ್ಟ ಆಜ್ಞೆಯನ್ನು ಅಡುಗೆಮನೆಯವರು ಪಾಲಿಸುತ್ತಾರೆ. ಕಾಫಿ ಅಕ್ಕ ಈಗ "ಹಾಲು ಮುಗೀತು" ಎನ್ನುವ ಮೊದಲು ಬಾಗಿಲಿನ ಕಡೆ ಒಮ್ಮೆ ನೋಡಿ, ಕೆನ್ನೆ ಮುಟ್ಟಿಕೊಳ್ಳುತ್ತಾಳೆ. ನಾನು ಅಡುಗೆಮನೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಗಲ್ಲಾದ ಕಡೆಗೂ ಸುಳಿಯುವುದಿಲ್ಲ. ತಾವು ಬಯಸಿದ್ದು ಇದೇ ಅಲ್ಲವೇ?

ಒಂದು ಕೋರಿಕೆಯಿದೆ. ನಮ್ಮ ಮನೆಯ ಇಬ್ಬರು ಹೀಗೆ ಮುನಿಸಿಕೊಂಡಿರುವುದು ಚೆನ್ನಾಗಿ ಕಾಣುವುದಿಲ್ಲ. ಆಗಾಗ ಬರೆಯುತ್ತಿರಲು ಅನುಮತಿಯಿರಲಿ.

ವಿಶ್ರಾಂತಿಯಲ್ಲಿರುವ
ತಮ್ಮ ಅತ್ತಿಗೆ

---

ಮಾರ್ಚಿ ೧೯

ಪ್ರೀತಿಯ ಅತ್ತಿಗೆಯವರಿಗೆ,

ನಿಮ್ಮ ಪತ್ರ ಓದಿ ಕಣ್ಣು ತುಂಬಿ ಬಂತು. ನಿಮ್ಮ ಸಿಟ್ಟನ್ನು ಬಲ್ಲವನಾದ್ದರಿಂದ, ಲಕೋಟೆ ಒಡೆಯುವಾಗ ಮುಖವನ್ನು ಕೊಂಚ ದೂರವೇ ಹಿಡಿದಿದ್ದೆ. ಒಳಗೆ ಇಷ್ಟು ಸೌಜನ್ಯವಿರುವುದೆಂದು ಎಣಿಸಿರಲಿಲ್ಲ. ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಇದನ್ನು ನನ್ನವಳಿಗೂ ಓದಿ ಹೇಳಿದೆ. ಅವಳು, "ಇಷ್ಟು ಬೇಗ ತಣ್ಣಗಾದ್ರಾ? ನಂಗೇನೋ ಸರಿಯಿಲ್ಲ ಅನ್ಸುತ್ತೆ" ಎಂದಳು. ಹೆಂಗಸರಿಗೆ ಹೆಂಗಸರ ಮೇಲೆ ನಂಬಿಕೆಯಿರುವುದಿಲ್ಲವೆಂದು ನಕ್ಕುಬಿಟ್ಟೆ.

ಅನುಮತಿಯೇಕೆ, ಅವಶ್ಯವಾಗಿ ಬರೆಯಿರಿ. ನಿಜ ಹೇಳಬೇಕೆಂದರೆ ನನಗೆ ನಿಮ್ಮ ಪತ್ರಗಳ ಅಗತ್ಯವಿದೆ. ಭಾಮೈದ ವಾರಕ್ಕೊಮ್ಮೆ ಬರೆಯುತ್ತಾನೆ, ಪ್ರತಿಸಲವೂ ಒಂದೇ ವಾಕ್ಯ: 'ಎಲ್ಲ ಚೆನ್ನಾಗಿದೆ ಭಾವ, ಯೋಚನೆ ಮಾಡಬೇಡಿ.' ಆ ವಾಕ್ಯದಲ್ಲಿ ತಿದ್ದಲು ಏನೂ ಇಲ್ಲ, ತಿಳಿಯಲೂ ಏನೂ ಇಲ್ಲ. ಗಿರಾಕಿಗಳು ಹೇಗೆ, ಕೆಲಸದವರು ಹೇಗೆ, ಎದುರಿನ ಅಂಗಡಿಯವನ ಹಾರಾಟ ಎಲ್ಲಿಗೆ ಬಂತು? ಅಣ್ಣ ಇರುವತನಕ ಆ ಎದುರಿನವನ ವಿಷಯವಿಲ್ಲದ ಪತ್ರವನ್ನೇ ಬರೆಯುತ್ತಿರಲಿಲ್ಲ. ನಮ್ಮ ಮೇಜು ನೋಡಿ ಮೇಜು ಮಾಡಿಸಿದ, ನಮ್ಮ ಬನ್ನು ನೋಡಿ ಬನ್ನು ಸುಡಿಸಿದ ಎಂದು ಪುಟಗಟ್ಟಲೆ ಬರೆಯುತ್ತಿದ್ದ. ಮೇಲಿನ ಕಿಟಕಿಯಲ್ಲಿ ಕುಳಿತವರಿಗೆ ಬೀದಿಯೆಲ್ಲ ಕಾಣುತ್ತದೆ. ಕಂಡದ್ದನ್ನು ಕಂಡಂತೆ ತಿಳಿಸಿ.

ನಿಮ್ಮ ಮೈದುನ

---

ಮೇ ೨

ಮಾನ್ಯ ಮೈದುನನವರಿಗೆ,

ಉತ್ತರ ತಡವಾಯಿತು. ಕೈತುಂಬ ಕೆಲಸವಿತ್ತು, ವಿಶ್ರಾಂತಿಯೂ ಒಂದು ಕೆಲಸವೆಂಬುದು ಈಗ ತಿಳಿಯುತ್ತಿದೆ.

ತಾವು ಕೇಳಿದಂತೆ ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ. ಬೇಸಗೆ ಬಂದು ಬೀದಿಗೆ ಜೀವ ಬಂದಿದೆ. ಹೋಟೆಲಿನವರೆಲ್ಲ ಕುರ್ಚಿಗಳನ್ನು ಹೊರಗೆ ಹಾಕಿದ್ದಾರೆ. ನಡೆದುಹೋಗುವವರು ಕುಳಿತವರ ತಟ್ಟೆ ನೋಡುತ್ತಾರೆ, ಕುಳಿತವರು ನಡೆಯುವವರ ಚಪ್ಪಲಿ ನೋಡುತ್ತಾರೆ. ಹೂವಿನ ಅಂಗಡಿಯವಳು ಕ್ಷೌರದಂಗಡಿಯವನಿಗೆ ಮತ್ತೆ ಬೈಯಲು ಶುರುಮಾಡಿದ್ದಾಳೆ, ಎಂದರೆ ಇಬ್ಬರೂ ಆರೋಗ್ಯವಾಗಿದ್ದಾರೆ.

ನಮ್ಮ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಬೆಳಗಿನ ಗಿರಾಕಿಗಳು ಹೆಚ್ಚಿದ್ದಾರೆ. ಮಾರ್ಚಿಯಲ್ಲಿ ದರ್ಜಿ ಮತ್ತು ಅವನ ಗುಂಪು ಹೆಚ್ಚಿತು, ಏಪ್ರಿಲಿನಲ್ಲಿ ಶಾಲೆಯ ಮೇಷ್ಟರುಗಳೂ ಹೆಚ್ಚಿದರು. ಬೆಳಗ್ಗೆ ಎಂಟು ಗಂಟೆಗೇ ಹಾಲು ಹೆಚ್ಚುತ್ತದೆ, ಬನ್ನು ಹೆಚ್ಚುತ್ತದೆ. ಕೆಲಸದವರೂ ಹೆಚ್ಚಿದ್ದಾರೆ: ಮೊದಲು ಕಾಫಿ ಅಕ್ಕ, ಅವಳ ಹಿಂದೆಯೇ ಅಡುಗೆಯಾತ. ತಮ್ಮ ಭಾಮೈದನವರ ತಾಳ್ಮೆಯೊಂದು ಇನ್ನೂ ಹೆಚ್ಚಿಲ್ಲ; ಈ ತಿಂಗಳೊಳಗೆ ಅದೂ ಹೆಚ್ಚುವ ಸೂಚನೆಯಿದೆ.

ಎದುರಿನವನ ವಿಷಯ ಕೇಳಿದ್ದಿರಿ. ಅವನು ನೆಮ್ಮದಿಯಾಗಿದ್ದಾನೆ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಹಿಂದೆ ನಾನು ಗಲ್ಲಾದಲ್ಲಿ ಕುಳಿತು ಒಳಗಿನಿಂದ ಬೀದಿಯನ್ನು ನೋಡುತ್ತಿದ್ದೆ. ಈಗ ನಮ್ಮ ಅಂಗಡಿಯೇ ಇಡಿಯಾಗಿ ಕಣ್ಣೆದುರಿಗಿದೆ. ಹೊರಗಿನಿಂದ ಅದು ಎಷ್ಟು ಚೆಲುವಾಗಿದೆಯೆಂಬುದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ತಮ್ಮ ಅತ್ತಿಗೆ

---

ಮೇ ೧೬

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ. ಮುದ್ರಣಾಲಯದ ಗೆಳೆಯರಿಗೂ ಓದಿದೆ. ಎಂಟು ಗಂಟೆಗೇ ಹಾಲು ಹೆಚ್ಚುತ್ತದೆ ಎಂಬಲ್ಲಿ ಒಬ್ಬರು, "ಹೆಚ್ಚಿದ್ದನ್ನ ಏನ್ ಮಾಡ್ತಾರಂತೆ?" ಎಂದು ಕೇಳಿದರು. ಬೇಡಿಕೆ ಹೆಚ್ಚಿ ಕೊಳ್ಳುವುದೂ ಹೆಚ್ಚಿದೆ ಎಂದು ವಿವರಿಸಿದೆ. ವಾಕ್ಯವನ್ನು ಕೊಂಚ ಬಿಡಿಸಿ ಬರೆದಿದ್ದರೆ ಇನ್ನೂ ಸ್ಪಷ್ಟವಾಗುತ್ತಿತ್ತು. ಇರಲಿ, ಸಂತೋಷದಲ್ಲಿ ಬರೆಯುವಾಗ ಹಾಗಾಗುತ್ತದೆ.

ಈಗ ಒಂದು ದೊಡ್ಡ ವಿಷಯ. ಗಿರಾಕಿಗಳು ಇಷ್ಟು ಹೆಚ್ಚಿರುವಾಗ ಇರುವ ಜಾಗ ಸಾಲದು. ಪಕ್ಕದ ಕೋಣೆ ಖಾಲಿಯಿದೆಯಂತೆ. ನಡುವಿನ ಗೋಡೆಯನ್ನು ಒಡೆದು ಅಂಗಡಿಯನ್ನು ಎರಡರಷ್ಟು ಮಾಡಬೇಕೆಂದಿದ್ದೇನೆ. ಇನ್ನೊಂದು: ನಾನು ಈ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದು ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತೇನೆ. ಬೇರೆಯವರ ವಾಕ್ಯಗಳನ್ನು ತಿದ್ದಿ ತಿದ್ದಿ ಕಣ್ಣು ಸೋತಿದೆ. ಕೊನೆಗಾಲದಲ್ಲಿ ನಮ್ಮದೆಂಬ ಒಂದು ಬಾಗಿಲಲ್ಲಿ ನಿಂತು ನಾಲ್ಕು ಜನರಿಗೆ ಬನ್ನಿ ಎನ್ನಬೇಕೆಂಬ ಆಸೆ. ಒಮ್ಮೆ ಬಿಟ್ಟರೆ ಇಲ್ಲಿ ಮತ್ತೆ ಸೇರಿಸಿಕೊಳ್ಳುವುದಿಲ್ಲ. ನನ್ನವಳು ಬೇಡವೆನ್ನುತ್ತಾಳೆ.

ಅತ್ತಿಗೆ, ಆ ಅಂಗಡಿಯನ್ನು ನಿಮ್ಮಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಮಾಲೀಕನಾಗಿ ಕೇಳುತ್ತಿಲ್ಲ, ಮೈದುನನಾಗಿ ಕೇಳುತ್ತಿದ್ದೇನೆ: ಗೋಡೆ ಒಡೆಯಲೇ? ಬರಲೇ? ಬಂದ ಮೇಲೆ ನಿಮ್ಮೊಡನೆ ಕುಳಿತು ಆಡಬೇಕಾದ ಮಾತೂ ಒಂದಿದೆ. ಅಣ್ಣನಿಗೆ ಸಂಬಂಧಿಸಿದ್ದು, ಕಾಗದದಲ್ಲಿ ಬರೆಯುವಂಥದ್ದಲ್ಲ.

ನಿಮ್ಮ ಮೈದುನ

---

ಮೇ ೨೭

ಮಾನ್ಯರೇ,

ಗೋಡೆಯನ್ನು ಒಡೆಯುವುದು, ಬಿಡುವುದು ಮಾಲೀಕರಿಗೆ ಸೇರಿದ ವಿಷಯ. ಯಾವ ವಿಷಯಕ್ಕೂ ನನ್ನನ್ನು ಸಂಪರ್ಕಿಸಬಾರದೆಂದು ಕಂಬದ ಮೇಲೆ ಬರೆದಿದೆ.

ಬನ್ನಿ. ನಾನು ಕಾಯುತ್ತಿರುತ್ತೇನೆ.

ಅತ್ತಿಗೆ

---

ಜುಲೈ ೮

ಅತ್ತಿಗೆ,

ಇದನ್ನು ಭಾಮೈದನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅಂಚೆಗೆ ಹಾಕಲು ನಡುವೆ ಒಂದು ರಸ್ತೆಯ ಅಗಲವಷ್ಟೇ ಇದೆ. ದಾಟಿ ಬರೋಣವೆಂದರೆ ನನ್ನ ಕಾಲು ಏಳುತ್ತಿಲ್ಲ.

ಬೆಳಗ್ಗೆ ಬಂದಿಳಿದೆ. ನಾನು ಅಲ್ಲಿಂದಲೇ ಹೇಳಿ ಗೋಡೆ ಒಡೆಸಿ ವಿಸ್ತರಿಸಿದ ಅಂಗಡಿಯ ನಡುವೆ ನಿಂತೆ. ಹೊಸ ಮೇಜುಗಳು, ಹೊಸ ಕುರ್ಚಿಗಳು, ಒಂದರಲ್ಲೂ ಒಬ್ಬರಿಲ್ಲ. ಗಲ್ಲಾದಲ್ಲಿ ಭಾಮೈದ ಗಂಟೆಯ ಮೇಲೆ ಗಲ್ಲವೂರಿ ನಿದ್ರಿಸುತ್ತಿದ್ದ. ನಮ್ಮಲ್ಲಿ ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಗಿರಾಕಿಗಳೆಲ್ಲೋ?"

"ದಾರೀಲಿದಾರೆ ಭಾವ."

"ಯಾವ ದಾರೀಲಿ?"

ಅವನು ಕಿಟಕಿಯಾಚೆ ಬೆರಳು ತೋರಿಸಿದ. ಎದುರಿನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ.

"ಹೋಗ್ಲಿ, ಒಂದು ಕಾಫಿಯಾದ್ರೂ ಕೊಡು."

"ಹಾಲು ಹೆಚ್ಚಿದೆ ಭಾವ."

"ಹೆಚ್ಚಿದ್ರೆ ಕೊಡೋಕೇನು ರೋಗ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಹಾಗಲ್ಲ ಭಾವ. ನಾಲ್ಕು ದಿನ ಇಲ್ಲಿದ್ರೆ ನಿಮಗೂ ಅಭ್ಯಾಸ ಆಗುತ್ತೆ."

ಆಗ ಜೇಬಿನಿಂದ ನಿಮ್ಮ ಮೇ ತಿಂಗಳ ಪತ್ರವನ್ನು ತೆಗೆದು ನಿಂತಲ್ಲಿಯೇ ಓದಿದೆ. ಕರಡು ತಿದ್ದುವವನು ನಾನು. ಒಂದು ಪುಟವನ್ನು ನಾಲ್ಕು ಸಲ ಓದಿಯೇ ಮುಂದಕ್ಕೆ ಬಿಡುವವನು. ಈ ಪುಟವನ್ನು ಅದೆಷ್ಟು ಸಲ ಓದಿದ್ದೆನೋ. ಇಂದು ಬೆಳಗ್ಗೆ ಮೊದಲ ಸಲ ಓದಿದೆ.

ತಲೆಯೆತ್ತಿದರೆ ಎದುರಿನವನ ಗಲ್ಲಾದಲ್ಲಿ ನೀವು. ಇಷ್ಟು ವರ್ಷ ನನ್ನ ಅಣ್ಣ ಯಾರ ಹೆಸರೆತ್ತಿದರೆ ಅನ್ನ ಬಿಟ್ಟು ಏಳುತ್ತಿದ್ದನೋ ಅವನ ಗಲ್ಲಾದಲ್ಲಿ. ನನ್ನನ್ನು ನೋಡಿದಿರಿ. ಕನ್ನಡಕ ಸರಿಪಡಿಸಿಕೊಂಡು ಮತ್ತೆ ನಿಮ್ಮ ಕೆಲಸಕ್ಕೆ ತೊಡಗಿದಿರಿ.

ಇದು ವಂಚನೆ. ನಾನು ಕೆಲಸ ಬಿಟ್ಟು ಬಂದಿದ್ದೇನೆ. ಅಲ್ಲಿ ನನ್ನ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬರು ಕುಳಿತಾಗಿದೆ. ಇದು ನಿಮಗೆ ಗೊತ್ತಿತ್ತು. ಬರಲೇ ಎಂದು ಕೇಳಿದ್ದೆ. ಮೈದುನನಾಗಿ ಕೇಳಿದ್ದೆ.

---

ಜುಲೈ ೮, ಮಧ್ಯಾಹ್ನ

ಮಾನ್ಯ ಮೈದುನನವರಿಗೆ,

ತಮ್ಮ ಭಾಮೈದ ಬಂದು ಪತ್ರ ಕೊಟ್ಟ. ಹಸಿದಿದ್ದ. ಕೂರಿಸಿ ಒಂದು ಬನ್ನು, ಕಾಫಿ ಕೊಡಿಸಿದೆ. ಉತ್ತರಕ್ಕೆ ಕಾಯುತ್ತೇನೆಂದು ಇನ್ನೂ ಒಂದು ಬನ್ನು ತಿನ್ನುತ್ತಿದ್ದಾನೆ.

ವಂಚನೆ ಎಂದಿರಿ. ನನ್ನ ಪತ್ರಗಳಲ್ಲಿ ಒಂದಕ್ಷರ ಸುಳ್ಳಿದ್ದರೆ ಕೆಂಪು ಶಾಯಿಯಲ್ಲಿ ಗುರುತುಹಾಕಿ ಕಳುಹಿಸಿ. ನನ್ನ ಮಾತಿನ ಅರ್ಥವನ್ನು ನಾನು ಮೊದಲ ಪತ್ರದಲ್ಲೇ ಬಿಡಿಸಿ ಹೇಳಿದ್ದೆ. ಅದು ದ್ರೋಹವೆಂದು ತೀರ್ಮಾನಿಸಿ, ಇಲ್ಲಿಂದ ಅಷ್ಟು ದೂರ ಕುಳಿತು ಅದನ್ನು ರದ್ದುಮಾಡಿದವರು ತಾವು. ರದ್ದಾಯಿತೆಂದು ತಾವೇ ನಂಬಿದಿರಿ. ನನ್ನ ಕಾಗುಣಿತ ನೋಡಿದಿರಿ, ನನ್ನನ್ನು ನೋಡಲಿಲ್ಲ.

ಪ್ರಕಟಣೆ ಅಂಟಿಸಿದ ಮೇಲೆ ಒಂದು ತಿಂಗಳು ಮೇಲಿನ ಕೋಣೆಯಲ್ಲಿ ಕುಳಿತೆ. ಕೆಳಗಿನ ಗಂಟೆ ಪ್ರತಿಸಲ ಬಡಿದಾಗಲೂ ನನ್ನ ತಲೆಯ ಮೇಲೆ ಬಡಿದಂತಾಗುತ್ತಿತ್ತು. ಒಂದು ದಿನ ಇಳಿದು ರಸ್ತೆ ದಾಟಿ ಎದುರಿನವನ ಮುಂದೆ ನಿಂತೆ.

"ನಿಮ್ಮ ಗಲ್ಲಾದಲ್ಲಿ ಕೂರೋಕೆ ಜಾಗ ಇದೆಯಾ?" ಎಂದೆ.

"ಇಷ್ಟು ವರ್ಷ ನನ್ನನ್ನ ಕಳ್ಳ ಅಂತ ಕರೆದೋರು ನೀವು."

"ಈಗ್ಲೂ ಕರೀತೀನಿ. ಜಾಗ ಇದೆಯೋ ಇಲ್ವೋ ಹೇಳಿ."

ಅವನು ಎದ್ದು ಕುರ್ಚಿಯನ್ನು ತನ್ನ ಕೈವಸ್ತ್ರದಿಂದ ಒರೆಸಿದ. ಮಾರನೆಯ ದಿನ ದರ್ಜಿ ದಾಟಿ ಬಂದ. "ಅಲ್ಲಿ ಕಂಬ ಮಾತಾಡ್ಲಿಲ್ಲಮ್ಮಾ" ಎಂದ. ನಾನು ಯಾರನ್ನೂ ಕರೆಯಲಿಲ್ಲ. ಕೂತೆ, ಅಷ್ಟೆ. ಬಂದವರಿಗೆ ಮಗಳ ಬಾಣಂತನ ಹೇಗಾಯಿತೆಂದು ಕೇಳಿದೆ, ಹಲ್ಲುನೋವು ಇಳಿಯಿತೇ ಎಂದು ಕೇಳಿದೆ. ಒಬ್ಬೊಬ್ಬರಾಗಿ ಬಂದರು, ಕಾಫಿ ಅಕ್ಕನೂ ಬಂದಳು. ತಮ್ಮ ಅಂಗಡಿ ದಿನದಿನಕ್ಕೆ ಬರಿದಾಗುವುದನ್ನು ಇಲ್ಲಿಂದ ನೋಡುತ್ತ ನಾನು ಉಂಡೆ, ನಿದ್ದೆಮಾಡಿದೆ, ಮೈತುಂಬಿಕೊಂಡೆ. ಗೋಡೆ ಒಡೆದ ದಿನ ಧೂಳು ಇಲ್ಲಿಯವರೆಗೂ ಬಂತು. ಒರೆಸಬೇಡವೆಂದೆ. ಸಂಜೆಯತನಕ ಹಾಗೆಯೇ ಇರಲೆಂದೆ.

ಇನ್ನೊಂದು ಉಳಿದಿದೆ. ಈ ತಿಂಗಳ ಕೊನೆಗೆ ಎದುರಿನವನು ತಮ್ಮಲ್ಲಿಗೆ ಬಂದು ಮೂಲೆಯಂಗಡಿಯನ್ನು ಕೇಳುತ್ತಾನೆ. ಕಾಫಿ ಮಾರಲಿಕ್ಕಲ್ಲ, ಮುರಿದ ಕುರ್ಚಿ, ಖಾಲಿ ಡಬ್ಬ ತುಂಬಲಿಕ್ಕೆ. ಕೊಡಿಸುತ್ತೇನೆಂದು ನಾನೇ ಮಾತು ಕೊಟ್ಟಿದ್ದೇನೆ. ತಮಗೆ ಬೇರೆ ದಾರಿಯಿಲ್ಲ, ಕೊಡುತ್ತೀರಿ. ಅಲ್ಲಿ ಅವನ ಈರುಳ್ಳಿ ಚೀಲಗಳು ಒರಗುವುದನ್ನು ನೋಡಿದ ದಿನ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಅತ್ತಿಗೆ

---

ಜುಲೈ ೧೦

ಅತ್ತಿಗೆ,

ಎರಡು ದಿನ ಬರೆದು ಬರೆದು ಹರಿದೆ. ಹೀಗೆ ನೇರವಾಗಿ ಹೇಳಿಬಿಡುತ್ತೇನೆ. ಆಡಬೇಕಾದ ಮಾತೊಂದಿದೆ ಎಂದಿದ್ದೆನಲ್ಲ, ಅದು ಇದು.

ನಿಮ್ಮನ್ನು ಗಲ್ಲಾದಿಂದ ಎಬ್ಬಿಸಬೇಕೆಂಬುದು ನನ್ನ ಯೋಚನೆಯಲ್ಲ. ಅಣ್ಣನದು. ಆಸ್ಪತ್ರೆಯಲ್ಲಿ ನೀವು ಗಂಜಿ ತರಲು ಹೋಗಿದ್ದಿರಿ, ನಾನೊಬ್ಬನೇ ಇದ್ದೆ. ಅವನ ಮಾತನ್ನು ಮರೆತಿಲ್ಲ.

"ಅವಳ ಕಾಲು ನೋಡಿದೀಯೇನೋ? ಸಂಜೆ ಆದ್ರೆ ಕಂಬ ಆಗಿರ್ತವೆ. ದಿನವೆಲ್ಲ ಆ ಎತ್ತರದ ಕುರ್ಚೀಲಿ ಕಾಲು ನೇತುಹಾಕ್ಕೊಂಡು ಕೂತಿರ್ತಾಳೆ. ನಾನು ಹೇಳಿದ್ರೆ ಕೇಳೋಲ್ಲ. ನಾನು ಹೋದ್ಮೇಲೆ ನೀನು ಎಬ್ಬಿಸು. ಬಾಯಿಮಾತಲ್ಲಿ ಏಳೋಳಲ್ಲ ಅವಳು. ಹಿಂದಕ್ಕೆ ಬರೋಕೆ ಆಗದ ಹಾಗೆ ಎಬ್ಬಿಸು."

ಆಗಲಿ ಎಂದೆ. ಅವನು ಕೈ ಹಿಡಿದುಕೊಂಡ. "ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ. ಬೈಕೊಂಡ್ರೆ ನಿನ್ನನ್ನ ಬೈಕೊಳ್ಳಲಿ. ನನ್ನನ್ನ ಬೈಯೋದು ಬೇಡ."

ಆ ಪ್ರಕಟಣೆಯ ಪದಗಳು ನನ್ನವು. ಎಬ್ಬಿಸಬೇಕೆಂಬ ಇಷ್ಟ ಅವನದು. ಕೊಟ್ಟ ಮಾತನ್ನು ಇಷ್ಟು ದಿನ ಉಳಿಸಿಕೊಂಡಿದ್ದೆ. ಇಂದು ಮುರಿಯುತ್ತಿದ್ದೇನೆ, ಏಕೆಂದರೆ ನೀವು ಈರುಳ್ಳಿ ಚೀಲ ಒರಗಿಸಲು ಹೊರಟಿರುವುದು ನನ್ನ ಅಂಗಡಿಯೊಳಗಲ್ಲ, ಅವನ ಅಂಗಡಿಯೊಳಗೆ. ನನ್ನ ಮೇಲೆ ಏನು ಬೇಕಾದರೂ ತೀರಿಸಿಕೊಳ್ಳಿ. ಮೂಲೆಯನ್ನು ಬಿಟ್ಟುಬಿಡಿ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸಾಕ್ಷಿಯಿಲ್ಲ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಮೈದುನ

---

ಜುಲೈ ೧೩

ಮೈದುನನಿಗೆ,

ನಿನ್ನ ಪತ್ರ ಸುಳ್ಳಾಗಿದ್ದರೆ ನೀನು ಸಣ್ಣವನು. ನಿಜವಾಗಿದ್ದರೆ ಅವರು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲೆಂದು ಮೂರು ದಿನ ಯೋಚಿಸಿದೆ.

ಸುಳ್ಳೆಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. 'ನನ್ನನ್ನ ಬೈಯೋದು ಬೇಡ' ಎಂಬ ಮಾತನ್ನು ಹೊಸೆಯುವಷ್ಟು ಕಲ್ಪನೆ ನಿನಗಿಲ್ಲ. ಮನೆಗೆ ಬಂದ ನೆಂಟರನ್ನು ಕಳುಹಿಸುವುದಿದ್ದರೂ, ಹುಳಿಯಾದ ಹಾಲನ್ನು ಹಿಂದಿರುಗಿಸುವುದಿದ್ದರೂ ನನ್ನನ್ನು ಮುಂದೆ ತಳ್ಳಿ ತಾವು ಒಳಗೆ ಹೋಗುತ್ತಿದ್ದ ಮನುಷ್ಯ ಅವರು. ಊರಿಗೆಲ್ಲ ಒಳ್ಳೆಯವರು. ಸಾಯುವಾಗಲೂ ಒಳ್ಳೆಯವರಾಗಿಯೇ ಹೋಗಬೇಕೆಂದು ನಿನ್ನನ್ನು ಮುಂದೆ ತಳ್ಳಿದರು.

ನನ್ನ ಕಾಲು ಊದಿಕೊಳ್ಳುವುದು ನಿಜ. ಅದು ನನ್ನ ಕಾಲು. ನನ್ನೊಡನೆ ಬಾಳಿದ ಗಂಡಸು ಅದನ್ನು ನನ್ನೊಡನೆ ಮಾತನಾಡಬಹುದಿತ್ತು. ಬೇಡವೆನ್ನುತ್ತಿದ್ದೆ, ಜಗಳವಾಡುತ್ತಿದ್ದೆ, ಕಡೆಗೆ ಒಂದು ಮಣೆಯ ಮೇಲೆ ಕಾಲಿಟ್ಟುಕೊಂಡು ಕೂರಲು ಒಪ್ಪುತ್ತಿದ್ದೆನೋ ಏನೋ. ಆ ಜಗಳವನ್ನು ನನಗೆ ಬಾಕಿ ಉಳಿಸಿ ಹೋಗಿದ್ದಾರೆ. ಅದನ್ನು ಯಾರೊಡನೆ ಆಡಲಿ? ಅವರಿಗೆ ಬರೆಯಲು ನನ್ನ ಬಳಿ ವಿಳಾಸವಿಲ್ಲ.

ಎದುರಿನವನಿಗೆ ನಿನ್ನೆಯೇ ಹೇಳಿದೆ: "ಮೂಲೆ ಸಿಗೋಲ್ಲ."

"ಕೊಡಿಸ್ತೀನಿ ಅಂದಿದ್ರಲ್ಲಾ?"

"ಅಂದಿದ್ದೆ. ಕಳ್ಳನಿಗೆ ಕೊಟ್ಟ ಮಾತು, ಅದಕ್ಕೇನು."

ಅವನು ಬಹಳ ಹೊತ್ತು ನಕ್ಕ. ಆಮೇಲೆ ಕಾಫಿ ಅಕ್ಕನನ್ನಾದರೂ ಬಿಟ್ಟುಹೋಗಿ ಎಂದ. ಅವಳು ಅವನ ಮಾತು ಮುಗಿಯುವ ಮುನ್ನವೇ ತನ್ನ ಸೋಸುವ ಬಟ್ಟೆಯನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡಳು.

ಇದನ್ನು ರಾಜಿಯೆಂದು ತಿಳಿಯಬೇಡ. ನಾನು ಯಾರನ್ನೂ ಕ್ಷಮಿಸಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ತೆಗೆದು ನಿಂತಿರು, ನಾನು ದಾಟಿ ಬರುತ್ತೇನೆ. ಗಲ್ಲಾದಲ್ಲಿ ನಾನು ಕೂರುತ್ತೇನೆ. ನೀನು ಅದನ್ನು ಮುಟ್ಟುವಂತಿಲ್ಲ. ಮೇಜು ಒರೆಸುವುದು, ಲೋಟ ಎತ್ತುವುದು, ಬನ್ನು ಕೊಯ್ದು ಬೆಣ್ಣೆ ಹಚ್ಚುವುದು ನಿನ್ನ ಕೆಲಸ. ನಿನ್ನ ಭಾಮೈದ ಪಾತ್ರೆಯ ಕಡೆ ಇರಲಿ. ತಿನ್ನುವುದನ್ನು ನೋಡಿದರೆ ದುಡಿಯುವ ಶಕ್ತಿಯಿದ್ದೀತು. ತಪ್ಪು ಕಂಡಾಗಲೆಲ್ಲ ಗಿರಾಕಿಗಳ ಎದುರಿಗೇ ಬೈಯುತ್ತೇನೆ. ಗಟ್ಟಿಯಾಗಿ ಬೈಯುತ್ತೇನೆ. ನಿನ್ನ ಪಾಲಿನ ಬೈಗುಳ ನಿನಗೆ. ಅವರ ಪಾಲಿನದನ್ನೂ ನೀನೇ ಹೊರಬೇಕು, ಏಕೆಂದರೆ ಅವರು ಸಿಗುವುದಿಲ್ಲ, ನೀನು ಸಿಕ್ಕಿದ್ದೀಯೆ.

ಇಂದು ನೀನು ಖಾಲಿ ಮೇಜುಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ಯಾರೂ ಕೂತಿರದ ಮೇಜನ್ನು ಏಕೆ ಒರೆಸುತ್ತೀಯೋ ನಾನರಿಯೆ. ಕಾಫಿ ಅಕ್ಕ ನನ್ನ ಮೊಣಕೈ ತಿವಿದು, "ನೋಡಿ ಅಮ್ಮಾ, ಬಗ್ಗೋದು, ಸೊಂಟ ಹಿಡ್ಕೊಳ್ಳೋದು, ಎಲ್ಲಾ ಥೇಟ್ ಯಜಮಾನರ ಹಾಗೇ" ಎಂದಳು. ನಾನೂ ನೋಡಿದೆ. ನಿಜ, ಅವರ ಹಾಗೆಯೇ ಇದ್ದೀಯೆ.

ಒಳ್ಳೆಯದೇ ಆಯಿತು. ಬೈಯಲು ಅನುಕೂಲ.

ಅತ್ತಿಗೆ